ಮಾವನ ಲೆಕ್ಕದಲ್ಲಿ ಲೋಕಾಂತ್ಯ

ಉಪದೇಶಿಯ ಮಗಳ ಜೊತೆ ಲಗ್ನ ಗೊತ್ತಾದವನಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗಾದವುಗಳಲ್ಲಿ ಕೆಲವನ್ನು ಕ್ರಮವಾಗಿ ಬರೆದಿದ್ದೇನೆ.

೧. ಆಡು

ಉಮದಿಯ ನಮ್ಮ ಸಣ್ಣ ಚರ್ಚಿಗೆ ನನ್ನ ಸೋದರಮಾವನೇ ಉಪದೇಶಿ. ಯೆಹೂದ್ಯರಿಗೆ ದೇಶ ಸಿಕ್ಕಾಗಿನಿಂದ ನಲವತ್ತೆರಡು ತಿಂಗಳಿಗೆ ಪ್ರಭು ಬರುತ್ತಾನೆಂದು ಬೈಬಲ್ಲಿನ ಪ್ರವಾದನೆ ನೋಡಿ ಲೆಕ್ಕ ಹಾಕಿದ್ದ. ಪ್ರತಿ ಅಮಾವಾಸ್ಯೆಗೆ ಗೋಡೆಯ ಮೇಲೊಂದು ಸುಣ್ಣದ ಗೆರೆ. ನಾನು ಬಿ.ಎಸ್ಸಿ. ಮುಗಿಸಿ ಅವನ ಮಗಳನ್ನು ಮದುವೆಯಾಗಲು ಬಂದಾಗ ನಾಲ್ಕು ಗೆರೆ ಬಾಕಿ ಇದ್ದವು.

ಒಂದು ಸಂಜೆ ಕಟ್ಟೆಯ ಮೇಲೆ ಹೇಳುತ್ತಿದ್ದ: "ಪ್ರಭು ಬಂದಾಗ ಕುರಿ ಬಲಕ್ಕ, ಆಡು ಎಡಕ್ಕ. ಎಡಕ್ಕ ನಿಂತವು ಬೆಂಕಿಗೆ."

ಕುರಿ ಕಾಯುವ ನೆರೆಯವ ಕೇಳಿದ: "ನಮ್ಮವೆಲ್ಲಾ ಕುರೀನ. ಚಿಂತಿಲ್ಲ. ನಿಮ್ಮ ಹಿತ್ತಲದಾಗ ಮೂರೂ ಆಡ ಅದಾವಲ್ರಿ?"

"ಅದು ಮಂದಿ ಬಗ್ಗೆ ಹೇಳಿದ ಮಾತೋ ಮಾರಾಯ."

"ಮಂದಿ ತಪ್ಪಿಗೆ ಆಡಿನ ಹೆಸರ ಯಾಕ ಕೆಡಸ್ತೀರಿ?"

ಮಾವ ರಾತ್ರಿಯೆಲ್ಲ ಯೋಚಿಸಿ, ಮರುದಿನ ಮೂರು ಆಡು ಅವನಿಗೆ ಕೊಟ್ಟು ಎರಡು ಕುರಿ ತಂದ. ಅಂದಿನಿಂದ ನಮ್ಮದು ಹಾಲಿಲ್ಲದ ಚಹಾ.

೨. ಹಂದರ

ಮದುವೆಗೆ ಮುಂಚೆ ಮೂರು ರವಿವಾರ ಚರ್ಚಿನಲ್ಲಿ ವಧೂವರರ ಹೆಸರು ಓದಬೇಕು. ಓದುವವ ಮಾವನೇ.

"ಮಾವ, ಹೆಸರ ಯಾವಾಗ ಓದ್ತೀರಿ?"

"ಯಾಕಪಾ? ಪ್ರಭುವಿನ ರಾಜ್ಯದಾಗ ಲಗ್ನs ಇಲ್ಲ. ಎಲ್ಲಾರೂ ದೂತರಂಗ."

"ಅದಕ್ಕs ಇಲ್ಲೇ ಮುಗಿಸೂಣು ಅಂತೀನ್ರಿ."

"ನಾಲ್ಕು ತಿಂಗಳ ಸಂಸಾರಕ್ಕ ಹಂದರ ಹಾಕ್ತಾರೇನು?"

ಅತ್ತೆ ಒಲೆಯ ಮುಂದಿನಿಂದ ಅಂದಳು: "ನಾಕ ತಿಂಗಳು ಭಾಳ ಆತು. ನಿಮ್ಮ ಜೋಡಿ ನನಗ ಮೊದಲನೇ ತಿಂಗಳಿಗೇ ಲೋಕ ಮುಗಿದಿತ್ತು."

೩. ಮಾಳಿಗೆ

ಕೊನೆಯ ಗೆರೆಯ ಅಮಾವಾಸ್ಯೆಯೂ ಬಂತು. ಮಾವ ಬಿಳಿ ಧೋತರ ಉಟ್ಟು ಬೆಳಗಿನಿಂದ ಮಾಳಿಗೆಯ ಮೇಲೆ ನಿಂತ. ಬಿಸಿಲು ನೆತ್ತಿಗೇರಿದರೂ ಇಳಿಯಲಿಲ್ಲ.

ನೆರೆಯವ ಕೆಳಗಿನಿಂದ ಕೂಗಿ ಸಮಾಧಾನ ಹೇಳಿದ: "ಉಪದೇಶಿಯರ, ವಿಜಾಪುರದ ಬಸ್ಸೂ ಇನ್ನೂ ಬಂದಿಲ್ರಿ. ಇವತ್ತ ಎಲ್ಲಾನೂ ತಡಾ."

೪. ತಪ್ಪು

ಮಾವ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಅವನ ಮುಖ ನೋಡಲು ನನಗೂ ಆಗುತ್ತಿರಲಿಲ್ಲ. ನಾಲ್ಕನೆಯ ಮುಂಜಾನೆ ಅತ್ತೆ, "ಈ ರವಿವಾರ ಹುಡುಗರ ಹೆಸರರೆ ಓದ್ರಿ" ಎಂದಳು.

"ಓದತೀನಿ" ಎಂದ. ನಾನು ಉಸಿರು ಬಿಟ್ಟೆ.

"ಒಂದs ಮಾತು, ತಮ್ಮಾ. ನೀ ಬಿ.ಎಸ್ಸಿ. ಕಲತಾಂವ. ನನ್ನ ಲೆಕ್ಕದಾಗ ತಪ್ಪ ಎಲ್ಲಿ ಆತು, ಅಷ್ಟ ಹೇಳು. ಗೋಡಿ ತೊಳದ ಬಿಡ್ತೀನಿ."

ಗೆರೆ ಎಣಿಸಿದೆ. ನಲವತ್ತೆರಡು, ಸರಿ. ಬೈಬಲ್ ತೆಗೆದು ನೋಡಿದೆ. ಅಲ್ಲಿ ತಿಂಗಳಿಗೆ ಮೂವತ್ತು ದಿನ, ಒಟ್ಟು ಸಾವಿರದ ಇನ್ನೂರ ಅರವತ್ತು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆಯ ಮೇಲೆ ಚೂರು. ಗುಣಿಸಿದೆ, ಕಳೆದೆ, ಇನ್ನೊಮ್ಮೆ ತಾಳೆ ನೋಡಿದೆ.

"ಇಪ್ಪತ್ತ ದಿನ ಕಮ್ಮಿ ಬಿದ್ದಾವ್ರಿ ಮಾವ."

ಮಾವನ ಮುಖಕ್ಕೆ ಮೂರು ದಿನದ ಮೇಲೆ ಕಳೆ ಬಂತು. "ಅಂದ್ರ ಇನ್ನೂ ಹದಿನೇಳ ದಿನ ಅದಾವ! ಸುಣ್ಣ ತಾರಲೇ! ಹೆಸರ ಓದೂದ ಈಗ ಬ್ಯಾಡ."

ಜೋಳ ಕೇರುತ್ತಿದ್ದ ಅವನ ಮಗಳು ಮೊರ ಕೆಳಗಿಟ್ಟಳು. ಮೊದಲ ಸಲ ನನ್ನನ್ನು ನೇರವಾಗಿ ನೋಡಿ ಕೇಳಿದಳು:

"ಬಿ.ಎಸ್ಸಿ.ಯಾಗ ಒಂದ ಸುಳ್ಳ ಹೇಳಾಕೂ ಕಲಸಂಗಿಲ್ಲೇನ್ರಿ?"