ಮಾವನವರ ಹಲಸು, ನನ್ನ ಬೆಂಚು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ಹೇಳುವುದು ಕನ್ನಡ ಮೇಷ್ಟರ ಕೆಲಸ. ನಾನು ಚನ್ನರಾಯಪಟ್ಟಣದಲ್ಲಿ ಗಣಿತ ಹೇಳುವವನು. ಅದಕ್ಕೇ ನನಗೆ ಅದು ತಡವಾಗಿ ಅರ್ಥವಾಯಿತು.

ಹೋದ ಮಳೆಗಾಲದ ಗಾಳಿಗೆ ದಂಡಿಗನಹಳ್ಳಿಯಲ್ಲಿ ನಮ್ಮ ಅತ್ತೆ ಅನಸೂಯಮ್ಮನವರ ಹೊಲದ ಬದುವಿನ ಹಲಸಿನ ಮರ ಉರುಳಿತು. ತಮ್ಮ ಮದುವೆಯಾದ ವರ್ಷ ಮಾವನವರು ನೆಟ್ಟ ಮರ. ಅವರು ತೀರಿಕೊಂಡು ಎರಡು ವರ್ಷ. ನೋಡಲು ಹೋದ ನಾನು (ಸಮಾಧಾನ ಹೇಳಲೆಂದೇ, ದೇವರಾಣೆ) "ಹೋಗ್ಲಿ ಬಿಡಿ ಅತ್ತೆ, ಒಳ್ಳೇ ಸೌದೆ ಆಯ್ತು" ಎಂದುಬಿಟ್ಟೆ. ಅಂದಿನಿಂದ ಅತ್ತೆ ನನ್ನೊಡನೆ ಮಾತು ಬಿಟ್ಟರು. (ಅಳಿಯನಿಗೆ ಇದು ವರವಲ್ಲವೇ ಎನ್ನಬೇಡಿ. ಅತ್ತೆ ಬಿಟ್ಟ ಮಾತನ್ನೆಲ್ಲ ಅವರ ಮಗಳು ಆಡುತ್ತಾಳೆ.)

"ಆ ಮರದಲ್ಲಿ ಏನಾದ್ರೂ ಮಾಡಿ ತೋರ್ಸಿ. ಅಲ್ಲೀವರ್ಗೂ ನಮ್ಮಮ್ಮ ಈ ಹೊಸಿಲು ತುಳಿಯಲ್ಲ ಕಣ್ರೀ" ಎಂದಳು ಹೆಂಡತಿ ಸ್ನೇಹಲತಾ.

ಸೌದೆಯವನು ಕೊಡಲಿ ಎತ್ತುವ ಮೊದಲೇ ಬೊಡ್ಡೆಯನ್ನು ಸಾಮಿಲ್ಲಿಗೆ ಸಾಗಿಸಿ, ಹಲಗೆ ಕೊಯ್ಯಿಸಿ ಮನೆಗೆ ತಂದೆ. ಬಡಗಿ ನಾಗೇಶ್ ತಟ್ಟಿ ನೋಡಿದ. "ಇನ್ನೂ ಅಸಿ ಐತೆ ಸಾ. ನೆಳ್ಳಲ್ಲಿ ಒಣಗಾಕ್ ಬುಡಿ. ಆತ್ರ ಪಟ್ರೆ ತಿರಿಚ್ಕತದೆ."

ಮೂರು ವಿಡಿಯೋ ನೋಡಿ ವಿಶ್ವಕರ್ಮನಾಗಿದ್ದ ನನಗೆ ಈ ಉಪದೇಶ ಹಿಡಿಸಲಿಲ್ಲ. ನಾನೇ ಬೆಂಚು ಮಾಡಿದೆ. ತಿಂಗಳಾಗುವಷ್ಟರಲ್ಲಿ ಹಲಗೆ ದೋಣಿಯಂತೆ ಬಾಗಿತು. ಗಣಿತದ ಮೇಷ್ಟರು ಅಳೆದು ಕೊಯ್ದ ನಾಲ್ಕು ಕಾಲೂ ನಾಲ್ಕು ಅಳತೆ.

"ಇದ್ರಲ್ಲಿ ಕೂರೋದಾ, ಹೊಳೆ ದಾಟೋದಾ?" ಎಂದಳು ಸ್ನೇಹಲತಾ. "ಅಮ್ಮಂಗೆ ಬಾ ಅಂತ ಹೇಳಾಯ್ತಲ್ರೀ!"

ಭಾನುವಾರ ಅತ್ತೆ ಬಂದರು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತೆ. ಅವರು ಕೂತೊಡನೆ ಬೆಂಚು ಟಕ್ಕೆಂದು ಒಂದು ಕಡೆಗೆ ವಾಲಿತು. ಅತ್ತೆ ಏಳಲಿಲ್ಲ. ಹಳದಿ ಹಲಗೆಯ ಮೇಲೆ ಮೆಲ್ಲಗೆ ಅಂಗೈ ಆಡಿಸಿದರು. ನನಗೆ ಅಡಗಿರಲು ನಾಚಿಕೆಯಾಯಿತು.

"ಅತ್ತೆ, ಅವತ್ತು ಸೌದೆ ಅಂದಿದ್ದು ತಪ್ಪಾಯ್ತು. ಈಗ ಬೆಂಚೂ ಸೊಟ್ಟಗಾಯ್ತು" ಎಂದೆ.

"ಮರ ನೆಟ್ಟವ್ರೇನ್ ನೆಟ್ಟಗಿದ್ರಾ ಅಳಿಯಂದ್ರೆ?" ಎಂದರು ಅತ್ತೆ, ಎಷ್ಟೋ ತಿಂಗಳ ಮೇಲೆ. "ಮೂವತ್ತೆಂಟ್ ವರ್ಸ ಬಾಳ್ವೆ ಮಾಡ್ನಿಲ್ವಾ?" ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನ್ನ ಎದೆಯ ಭಾರ ಇಳಿಯಿತು. ಸಂಜೆ ಅವರು, "ಬೆಳಿಗ್ಗೆ ನನ್ನ ಬಸ್ಸಿಗೆ ಅತ್ಸಿ" ಎಂದಾಗ ಔದಾರ್ಯದ ಶಿಖರವೇರಿ, "ಬಸ್ಯಾಕೆ ಅತ್ತೆ, ಕಾರಲ್ಲಿ ನಾನೇ ಕರ್ಕೊಂಡು ಹೋಗ್ತೀನಿ" ಎಂದೆ.

"ಅದೇ ವಾಸಿ" ಎಂದರು ಅತ್ತೆ, ಬೆಂಚಿನ ಮೇಲೆ ಕಾಲು ಮಡಿಸಿ ಕೂರುತ್ತ. "ಊರಿಂದ ನನ್ ಟ್ರಂಕು, ಆಸ್ಗೆ ಎಲ್ಲಾ ಬಸ್ಸಲ್ಲಿ ತರಾಕಾಯ್ತಿರ್ನಿಲ್ಲ. ಇನ್ಮ್ಯಾಕೆ ಇಲ್ಲೇ ಇರ್ತೀನಿ."