ಒಂಟಿಕಾಲಿನಲ್ಲಿ ನಿಂತ ಸುಗಂಧಿ

ಡೊಂಬಿವಲಿಯಿಂದ ಠಾಣೆಗೆ ಹೋಗುವ ಬೆಳಗಿನ ಲೋಕಲ್ ರೈಲಿನಲ್ಲಿ ಯಾರೂ ಸತ್ಯ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಒಬ್ಬನ ಮೊಣಕೈ ಪಕ್ಕೆಗೆ, ಇನ್ನೊಬ್ಬನ ಚೀಲ ಹೊಟ್ಟೆಗೆ ಒತ್ತುತ್ತಿರುವಾಗ ಯಾರೇ ಏನೇ ಕೇಳಲಿ, ಬೇಗ ಮುಗಿಯುವ ಉತ್ತರವೇ ಬಾಯಿಗೆ ಬರುತ್ತದೆ. ರಮಾಕಾಂತರಿಗೂ ಹಾಗೇ ಆಯಿತು.

"ನಿಮ್ಮ ಎರಡನೇ ಭಾಗ ಎಲ್ಲಿಗೆ ಬಂತು ಮಾರಾಯ್ರೆ?" ಎಂದು ಅವರದೇ ಕಟ್ಟಡದ ಮೇಲಿನ ಮಾಳಿಗೆಯ ಮಧ್ವರಾಜರು ಜನರ ತಲೆಗಳ ಮೇಲಿಂದ ಕೇಳಿದರು.

"ಮುಗೀತು," ಎಂದುಬಿಟ್ಟರು ರಮಾಕಾಂತರು.

ಮುಗಿದಿರಲಿಲ್ಲ. ಶುರುವೇ ಆಗಿರಲಿಲ್ಲ. ಠಾಣೆಯ ಕೈಗಾರಿಕಾ ಪ್ರದೇಶವಾದ ವಾಗ್ಳೆ ಎಸ್ಟೇಟಿನ ಪಂಪಿನ ಕಂಪನಿಯೊಂದರಲ್ಲಿ ಮಾಲು ಕಳಿಸುವ ವಿಭಾಗ ನೋಡಿಕೊಳ್ಳುವ ರಮಾಕಾಂತರು ಮೂರು ವರ್ಷದ ಹಿಂದೆ 'ಎತ್ತಿದ ಹೆಜ್ಜೆ' ಎಂಬ ಕಾದಂಬರಿ ಬರೆದಿದ್ದರು. ಅದರ ನಾಯಕಿ ಸುಗಂಧಿ. ಕೊನೆಯ ಪುಟದಲ್ಲಿ ಅವಳು ಕಲ್ಯಾಣ ಸ್ಟೇಷನ್ನಿನಲ್ಲಿ ನಿಂತಿದ್ದಾಳೆ. ಪ್ಲಾಟ್‌ಫಾರಮ್ಮಿನ ಒಂದು ಬದಿಗೆ ಮುಂಬೈ ಕಡೆಯ ಗಾಡಿ. ಅದರ ಬಾಗಿಲಲ್ಲಿ, ಬಿಟ್ಟುಹೋಗಿ ಎಷ್ಟೋ ವರ್ಷಕ್ಕೆ ಮರಳಿ ಬಂದ ಗಂಡ. ಇನ್ನೊಂದು ಬದಿಗೆ ಕರ್ಜತ್ ಗಾಡಿ. ಅದರ ಬಾಗಿಲಲ್ಲಿ, ಅಷ್ಟು ವರ್ಷ ಅವಳಿಗೆ ಆಸರೆಯಾಗಿದ್ದ ಹೋಟೆಲ್ ಮೇನೇಜರ್ ಶೀನ. ಇಬ್ಬರೂ ಕರೆಯುತ್ತಾರೆ. ಸುಗಂಧಿ ಒಂದು ಕಾಲೆತ್ತುತ್ತಾಳೆ. ಅಲ್ಲಿಗೆ ಮೊದಲನೇ ಭಾಗ ಮುಕ್ತಾಯ.

ಇದನ್ನು ಓದುಗರು ಬಹಳ ದೊಡ್ಡ ಕಲೆ ಎಂದುಕೊಂಡರು. ನಿಜವೇನೆಂದರೆ, ಅವಳು ಯಾವ ಗಾಡಿ ಹತ್ತುತ್ತಾಳೆಂದು ರಮಾಕಾಂತರಿಗೇ ಗೊತ್ತಿರಲಿಲ್ಲ. ಅಂದಿನಿಂದ ಅವರಿಗೆ ಬೀದಿಯಲ್ಲಿ ನೆಮ್ಮದಿಯಿಲ್ಲ. ತರಕಾರಿ ಕೊಳ್ಳುವಾಗ, ಕ್ಷೌರಕ್ಕೆ ಕೂತಾಗ, ಸಾವಿನ ಮನೆಗೆ ಹೋದಾಗಲೂ ಯಾರಾದರೊಬ್ಬರು ಹತ್ತಿರ ಸರಿದು, "ಪಾಪದ ಹೆಣ್ಣು, ಎಷ್ಟು ದಿನ ಅಂತ ಒಂದೇ ಕಾಲಲ್ಲಿ ನಿಲ್ಲಿಸ್ತೀರಿ?" ಎಂದು ಕೇಳುತ್ತಿದ್ದರು. ಹಾಗೆ ಕೇಳುವವರಲ್ಲಿ ಪುಸ್ತಕ ಕೊಂಡವರು ಕಡಿಮೆ. ಊರೆಲ್ಲ ನಾಲ್ಕೈದು ಪ್ರತಿಗಳನ್ನೇ ಕೈಯಿಂದ ಕೈಗೆ ದಾಟಿಸಿ ಓದಿತ್ತು. ಉಳಿದವು ರಮಾಕಾಂತರ ಮಂಚದ ಕೆಳಗೆ ಭದ್ರವಾಗಿದ್ದವು.

ಮಧ್ವರಾಜರು ಕನ್ನಡ ಸಂಘದ ಕಾರ್ಯದರ್ಶಿ. ಡೊಂಬಿವಲಿಯಲ್ಲಿ ಭಾನುವಾರಕ್ಕೆ ಹಾಲ್ ಸಿಗುವುದು ಎಷ್ಟು ಕಷ್ಟವೆಂದರೆ, ಹಾಲ್ ಸಿಕ್ಕಿತೆಂದು ಆಮೇಲೆ ಹುಡುಗಿ ನೋಡಿ ಮದುವೆ ಮಾಡಿದವರಿದ್ದಾರೆ. ಅಂಥದರಲ್ಲಿ ಯಾರದೋ ನಿಶ್ಚಿತಾರ್ಥ ಮುರಿದು ಒಂದು ಭಾನುವಾರ ಖಾಲಿಯಾಗಿತ್ತು. ಲೋಕಲು ಠಾಣೆ ತಲುಪುವುದರೊಳಗೆ ಅವರು ಫೋನಿನಲ್ಲೇ ಅದನ್ನು ಹಿಡಿದು, ಅಧ್ಯಕ್ಷತೆಗೆ ಖಾರಘರದ ಹೋಟೆಲ್ ಧಣಿ ದೇಜಪ್ಪ ಶೆಟ್ಟರನ್ನೂ, ಕೃತಿ ಪರಿಚಯಕ್ಕೆ ಕಲ್ಯಾಣದ ನಿವೃತ್ತ ಮೇಷ್ಟ್ರು ಸಂಕರ್ಷಣ ಉಪಾಧ್ಯರನ್ನೂ ಒಪ್ಪಿಸಿ ಆಗಿತ್ತು. ಸಂಜೆ ಪೇಡೆಯ ಡಬ್ಬಿ ಹಿಡಿದು ಮನೆಗೇ ಬಂದರು.

ಆಗಲಾದರೂ ರಮಾಕಾಂತರು ಬಾಯಿ ಬಿಡಬಹುದಿತ್ತು. ಆದರೆ ಬಾಗಿಲು ತೆಗೆದದ್ದು ಹೆಂಡತಿ ರತ್ನಾವತಿ. ಗಂಡ ಬರೆಯುತ್ತಾರೆಂದು ಆಕೆ ಅವರಿಗೆ ಮಾರ್ಕೆಟ್ಟಿನ ಚೀಲ ಮುಟ್ಟಲು ಬಿಟ್ಟಿರಲಿಲ್ಲ. ಕಟ್ಟಡದ ಸೊಸೈಟಿಯ ಮೀಟಿಂಗಿಗೆ ತಾನೇ ಹೋಗಿ ನೀರಿಗಾಗಿ ಜಗಳವಾಡಿ ಬರುತ್ತಿದ್ದಳು. ಟಿವಿಯನ್ನು ಸದ್ದಿಲ್ಲದೆ, ಬರೀ ಬಾಯಾಡಿಸುವುದನ್ನು ನೋಡುತ್ತಿದ್ದಳು. ಅವಳು ಪೇಡೆ ಬಾಯಿಗಿಟ್ಟುಕೊಂಡು, "ನನ್ನ ಹತ್ರವೂ ಹೇಳದೆ ಮುಗಿಸಿದ್ರಲ್ಲ," ಎಂದು ನಕ್ಕ ಮುಖ ನೋಡಿದ ಮೇಲೆ ರಮಾಕಾಂತರಿಗೆ ಸತ್ಯ ಹೇಳುವ ಧೈರ್ಯ ಬರಲಿಲ್ಲ. ಸಂಘದವರು ಉಗಿದರೆ ಒರೆಸಿಕೊಳ್ಳಬಹುದು. ಈ ಮುಖ ಬಾಡಿದರೆ ಆಮೇಲೆ ಆ ಮನೆಯಲ್ಲಿ ಬದುಕುವುದು ಹೇಗೆ ಎಂಬುದೊಂದೇ ಅವರ ಭಯ.

ಬರೆಯಲು ಕೂತರು. ಮುಂಬೈ ಗಾಡಿ ಹತ್ತಿಸಿದರೆ ಓದುಗರಲ್ಲಿ ಶೀನನ ಕಡೆಯವರು ಸುಮ್ಮನಿರುವುದಿಲ್ಲ, ಕರ್ಜತ್ ಗಾಡಿ ಹತ್ತಿಸಿದರೆ ಗಂಡನ ಕಡೆಯವರು. ದಿನಗಳು ಹೋದವು. ಸುಗಂಧಿಯ ಕಾಲು ಇಳಿಯಲಿಲ್ಲ. ಭಾನುವಾರ ಬಂತು.

ಅಂದು ಬೆಳಿಗ್ಗೆ ರತ್ನಾವತಿ ಹೂ ತರಲು ಹೋದದ್ದೇ ತಡ, ರಮಾಕಾಂತರು ಮಂಚದ ಕೆಳಗಿನಿಂದ ಹಳೆಯ ಮೊದಲನೇ ಭಾಗದ ಪ್ರತಿಗಳನ್ನೆಳೆದು, ಧೂಳು ಒರೆಸಿ, ಬಣ್ಣದ ಕಾಗದದಲ್ಲಿ ಸುತ್ತತೊಡಗಿದರು. ಅವರ ಲೆಕ್ಕಾಚಾರ ಸರಳ. ಬಿಡುಗಡೆಯೆಂದರೇನು? ವೇದಿಕೆಯ ಮೇಲಿನವರು ಕಾಗದ ಹರಿಯುತ್ತಾರೆ, ಪುಸ್ತಕ ಎದೆಗೆ ಹಿಡಿದು ಫೋಟೋಕ್ಕೆ ನಗುತ್ತಾರೆ, ಊಟಕ್ಕೆ ಏಳುತ್ತಾರೆ. ಒಳಗೇನಿದೆಯೆಂದು ಇದುವರೆಗೆ ಯಾರೂ ತೆಗೆದು ನೋಡಿದ ದಾಖಲೆಯಿಲ್ಲ. ಮುಖಪುಟ ಹಳೆಯದೇ ಅಲ್ಲವೇ ಎಂದು ಯಾರಾದರೂ ಕೇಳಿದರೆ, ಎರಡನೇ ಭಾಗಕ್ಕೂ ಅದನ್ನೇ ಇಟ್ಟೆ ಎಂದರಾಯಿತು. ಉಳಿದ ಪ್ರತಿಗಳು ಪ್ರೆಸ್ಸಿನಲ್ಲಿ ಸಿಕ್ಕಿಕೊಂಡಿವೆ ಎಂದರೆ ಮುಂದೆ ಬರೆಯಲು ಒಂದಷ್ಟು ಕಾಲ ಸಿಗುತ್ತದೆ.

ಅಂಟು ಆರುವ ಮೊದಲೇ ಮಧ್ವರಾಜರು ಒಳಗೆ ಬಂದರು.

"ಒಂದು ಪ್ರತಿ ಕೊಡಿ ನೋಡುವ."

ರಮಾಕಾಂತರು ಕಟ್ಟುಗಳ ಮೇಲೆ ಎರಡೂ ಕೈ ಇಟ್ಟರು. "ಬಿಡುಗಡೆಗೆ ಮೊದಲು ಬಿಚ್ಚಬಾರದು. ನಮ್ಮ ಮನೆಯ ಪದ್ಧತಿ."

"ಉಪಾಧ್ಯರಿಗೆ ಬೇಡ್ವಾ? ಅವರು ಪರಿಚಯ ಮಾಡ್ಲಿಕ್ಕುಂಟಲ್ಲ. ಓದದೆ ಎಂತ ಮಾತಾಡುದು?" ಎಂದ ಮಧ್ವರಾಜರು, ಮರುಕ್ಷಣವೇ ತಲೆಯಲ್ಲಾಡಿಸಿದರು. "ಇಲ್ಲ, ಬೇಡ. ನಿನ್ನೆ ಫೋನ್ ಮಾಡಿದ್ದೆ. ಪೂರ್ತಿ ಓದಿ ಆಗಿದೆ, ಅದ್ಭುತವಾಗಿದೆ ಅಂದ್ರು."

ರಮಾಕಾಂತರು ಕಟ್ಟುಗಳನ್ನು ಚೀಲಕ್ಕೆ ತುಂಬಿದರು. ಬರೆಯದ ಪುಸ್ತಕವನ್ನು ಈ ಮನುಷ್ಯ ಎಲ್ಲಿ ಓದಿದ? ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ ಹಾಲಿಗೆ ಹೋಗುವ ಕಾರಿನಲ್ಲಿ ದಾರಿಯುದ್ದಕ್ಕೂ ಅವರಿಗೆ ಒಂದೇ ಯೋಚನೆ. ಉಪಾಧ್ಯರಿಗೆ ಗುಟ್ಟು ಗೊತ್ತಾಗಿದೆ. ಎಲ್ಲರೆದುರು ಮಾನ ಕಳೆಯಲೆಂದೇ ಬರುತ್ತಿದ್ದಾರೆ. ಪಕ್ಕದಲ್ಲಿ ಹೊಸ ರೇಷ್ಮೆ ಸೀರೆಯಲ್ಲಿ ಕೂತ ರತ್ನಾವತಿ ಅಕ್ಕನ ಮನೆಯವರಿಗೆಲ್ಲ ಫೋನ್ ಮಾಡಿ, ಬೇಗ ಬಂದು ಮುಂದಿನ ಸಾಲು ಹಿಡಿಯಿರಿ ಎನ್ನುತ್ತಿದ್ದಳು.

ಉಳಿದ ಆಸೆಯೊಂದೇ: ಭಾನುವಾರದ ಮೆಗಾಬ್ಲಾಕ್. ಹಳಿ ರಿಪೇರಿಗೆಂದು ಕಲ್ಯಾಣ, ಖಾರಘರ ಎರಡೂ ಲೈನಿನಲ್ಲಿ ಗಾಡಿಗಳು ತಡವಾಗಿ ಓಡುವ ದಿನ, ಅತಿಥಿಗಳು ಬಾರದೆಯೂ ಇರಬಹುದು. ವರ್ಷವಿಡೀ ರೈಲ್ವೆಯವರನ್ನು ಬೈದ ರಮಾಕಾಂತರು ಅಂದು ಮೊದಲ ಬಾರಿಗೆ ಮನಸಾರೆ ಅವರ ಒಳಿತನ್ನು ಕೋರಿದರು. ಹಾಲಿನೊಳಗೆ ಕಾಲಿಟ್ಟರೆ, ಕುರ್ಚಿ ಹಾಕುವವರಿಗಿಂತ ಮೊದಲೇ ಬಂದು ದೇಜಪ್ಪ ಶೆಟ್ಟರು ಕೂತಿದ್ದರು.

"ಮೆಗಾಬ್ಲಾಕ್ ಅಂತ ಕಾರಲ್ಲೇ ಬಂದೆ ಮಾರಾಯ್ರೆ," ಎಂದರು ಶೆಟ್ಟರು, ರಮಾಕಾಂತರ ಕೈಯನ್ನು ತಮ್ಮ ಅಗಲವಾದ ಕೈಯೊಳಗೆ ಹಿಡಿದು. "ನಂಗೆ ಪುಸ್ತಕ ಓದುವ ಹುಚ್ಚು ಇಲ್ಲ. ನಿಮ್ಮ ಮೊದಲನೇ ಭಾಗ ಒಂದು ಮಾತ್ರ ಓದಿದ್ದು. ಹೋಟೆಲಿನ ಗಲ್ಲಾಪೆಟ್ಟಿಗೆ ಎದುರು ಕೂತಾಗಲೂ ಆ ಹೆಣ್ಣಿಂದೇ ಚಿಂತೆ. ಕಿವಿಯಲ್ಲಿ ಹೇಳಿ, ಯಾವ ಗಾಡಿ?"

"ಈಗಲೇ ಹೇಳಿದ್ರೆ ಸ್ವಾರಸ್ಯ ಹೋಗ್ತದೆ."

"ಅದೂ ಹೌದು," ಎಂದು ಶೆಟ್ಟರು ನಿಟ್ಟುಸಿರಿಟ್ಟರು.

ಹಾಲ್ ತುಂಬಿತು. ಪ್ರಾರ್ಥನೆ, ದೀಪ, ಸ್ವಾಗತ ಎಲ್ಲ ಆಯಿತು. ರಮಾಕಾಂತರ ಹೆಗಲಿಗೆ ಶಾಲು ಬಿತ್ತು. ವೇದಿಕೆಯ ಇನ್ನೊಂದು ತುದಿಯಲ್ಲಿ ಉಪಾಧ್ಯರು ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತವರಂತೆ ಕೂತಿದ್ದರು. ಮಧ್ವರಾಜರು ಹರಿವಾಣದಲ್ಲಿ ಕಟ್ಟುಗಳನ್ನು ತಂದರು. ಶೆಟ್ಟರು ಅಂಟನ್ನು ಉಗುರಿನಿಂದ ಕೆರೆದು, ಕೊನೆಗೆ ಕಾಗದವನ್ನೇ ಪರ್ರನೆ ಹರಿದು, ಪುಸ್ತಕ ಹೊರಗೆಳೆದರು. ಚಪ್ಪಾಳೆ ಬಿತ್ತು. ಎಲ್ಲರೂ ಎದೆಗೆ ಹಿಡಿದರು. ಫೋಟೋ ತೆಗೆದದ್ದೂ ಆಯಿತು. ರಮಾಕಾಂತರು ಉಸಿರುಬಿಟ್ಟರು.

ಅಷ್ಟರಲ್ಲಿ ಶೆಟ್ಟರು ಮೈಕಿನಲ್ಲೇ, "ನನ್ನ ಕನ್ನಡಕ ಕಾರಲ್ಲಿ ಉಳೀತು. ಉಪಾಧ್ಯರೆ, ಆ ಕಡೇ ಪುಟ ಒಂದು ಗಟ್ಟಿಯಾಗಿ ಓದಿಬಿಡಿ. ತಡೀಲಿಕ್ಕೆ ಆಗುದಿಲ್ಲ," ಎಂದು ಪುಸ್ತಕ ಚಾಚಿದರು.

ಉಪಾಧ್ಯರು ಪುಸ್ತಕ ಬಿಡಿಸಿದರು. ಕೊನೆಯ ಪುಟ ನೋಡಿದರು; 'ಮೊದಲನೇ ಭಾಗ ಮುಕ್ತಾಯ' ಎಂದಿತ್ತು. ಮೊದಲ ಪುಟ ನೋಡಿದರು. ನಿಧಾನಕ್ಕೆ ತಲೆಯೆತ್ತಿ ರಮಾಕಾಂತರನ್ನು ನೋಡಿದರು. ರಮಾಕಾಂತರು ಕೂತಲ್ಲೇ ಬೆವರಿದರು. ಆದರೆ ಆ ಮುಖದಲ್ಲೂ ಬೆವರಿದ್ದುದನ್ನು ಕಂಡಾಗ ಅವರಿಗೆ ಥಟ್ಟನೆ ತಿಳಿಯಿತು: ಈ ಮನುಷ್ಯ ಏನನ್ನೂ ಓದಿಲ್ಲ. ಓದಿ ಆಗಿದೆ ಎಂದು ಬಾಯಿಮಾತಿಗೆ ಹೇಳಿ, ಪುಸ್ತಕ ತಿರುವಿಯೂ ನೋಡದೆ ಭಾಷಣ ಮಾಡುವ ತನ್ನ ವಾಡಿಕೆಯಂತೆ ಬಂದು ಕೂತಿದ್ದಾನೆ. ಈಗ ಇಬ್ಬರ ಜುಟ್ಟೂ ಒಬ್ಬರದೊಬ್ಬರ ಕೈಯಲ್ಲಿತ್ತು.

ಉಪಾಧ್ಯರು ಪುಸ್ತಕ ಮುಚ್ಚಿದರು. "ಓದುವುದು ಬೇಡ ಶೆಟ್ರೆ. ಹೇಳುತ್ತೇನೆ," ಎಂದು ಮೈಕಿನ ಹತ್ತಿರ ಬಂದರು.

ಮೊದಲಿಗೆ ತೊದಲಿದರು. ಆಮೇಲೆ ದನಿ ಸರಿಹೋಯಿತು. ಸುಗಂಧಿ ಎತ್ತಿದ ಕಾಲನ್ನು ಎಲ್ಲಿಟ್ಟಳು? ಯಾವ ಗಾಡಿಗೂ ಇಡಲಿಲ್ಲ. ಎರಡೂ ಗಾಡಿ ಹೊರಟವು. ಅವಳು ಬರಲಿಲ್ಲವೆಂದು ಗಂಡ ಈ ಗಾಡಿಯಿಂದ ಹಾರಿದ, ಶೀನ ಆ ಗಾಡಿಯಿಂದ ಹಾರಿದ. ಗಾಡಿಗಳು ಹೋದ ಮೇಲೆ ಪ್ಲಾಟ್‌ಫಾರಮ್ಮಿನಲ್ಲಿ ಇಬ್ಬರೂ ಎದುರುಬದುರು. "ಅವಳೆಲ್ಲಿ?" ಎಂದು ಇವನು ಅವನನ್ನು ಕೇಳುತ್ತಾನೆ, ಅವನು ಇವನನ್ನು ಕೇಳುತ್ತಾನೆ. ಸುಗಂಧಿ ಮೇಲೆ, ಹಳಿ ದಾಟುವ ಸೇತುವೆಯಲ್ಲಿದ್ದಾಳೆ. ಕಂಬಿ ಹಿಡಿದು ಕೆಳಗೆ ನೋಡುತ್ತಾಳೆ. ಇಷ್ಟು ವರ್ಷ ತನ್ನನ್ನು ಕರೆದವರೆಲ್ಲ ತಾವು ಹೋಗುವ ಕಡೆಗೇ ಕರೆದರು. ನಿನಗೆಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ. ಅವಳಿಗೆ ನಗು ಬರುತ್ತದೆ.

ಗಂಡನ ಪಕ್ಷದವರೂ ಶೀನನ ಪಕ್ಷದವರೂ ಒಟ್ಟಿಗೆ ಮೂಗೊರೆಸಿಕೊಂಡರು. ರತ್ನಾವತಿ ಸೆರಗಿನಿಂದ ಕಣ್ಣೊತ್ತಿಕೊಂಡು, ಗಂಡನನ್ನು ಮದುವೆಯ ದಿನವೂ ನೋಡದಷ್ಟು ಹೆಮ್ಮೆಯಿಂದ ನೋಡಿದಳು. ರಮಾಕಾಂತರು ಅವಳ ಕಡೆ ತಿರುಗದೆ ಉಪಾಧ್ಯರನ್ನೇ ದಿಟ್ಟಿಸಿದರು. ಅದು ಸಿಕ್ಕಿಬೀಳುವ ಭಯವಲ್ಲ. ಮೂರು ವರ್ಷ ತಲೆ ಚಚ್ಚಿಕೊಂಡರೂ ತನಗೆ ಕಾಣದ ಸೇತುವೆ ಈತನಿಗೆ ಹೇಗೆ ಕಂಡಿತು ಎಂಬ ಹೊಟ್ಟೆಕಿಚ್ಚು.

"ಉಳಿದದ್ದು ಪುಸ್ತಕದಲ್ಲಿದೆ," ಎಂದು ಉಪಾಧ್ಯರು ಕೂತರು.

ಅದೇ ಎಡವಟ್ಟಾಯಿತು. ಉಳಿದದ್ದು ತಿಳಿಯಲು ಜನರಿಗೆ ತಡೆಯಲಾಗಲಿಲ್ಲ. ಎಲ್ಲರಿಗಿಂತ ಮೊದಲು ವೇದಿಕೆಗೆ ಬಂದವಳು ರತ್ನಾವತಿಯೇ. ಹರಿವಾಣದಲ್ಲಿ ಉಳಿದಿದ್ದ ಕಟ್ಟನ್ನು ಬಿಚ್ಚಿ, ನಿಂತಲ್ಲೇ ಪುಟ ತಿರುವಿದಳು. ರಮಾಕಾಂತರು ಬೇಡವೆನ್ನಲು ಕೈ ಎತ್ತಿದರು. ಅದು ಅರ್ಧಕ್ಕೇ ನಿಂತಿತು.

"ಇದು ಹಳೆಯದಲ್ವಾ?" ಎಂದಳು ಆಕೆ. ಮೈಕ್ ಅಲ್ಲೇ ಇದ್ದುದರಿಂದ ಮಾತು ಹಿಂದಿನ ಸಾಲಿಗೂ ಕೇಳಿಸಿತು.

ಹೇಳದೆ ಗತಿಯಿರಲಿಲ್ಲ. "ಹೊಸದು ಇಲ್ಲ," ಎಂದರು ರಮಾಕಾಂತರು, ಹೆಂಡತಿಯ ಮುಖ ನೋಡದೆ. "ನಾನು ಒಂದಕ್ಷರವೂ ಬರೀಲಿಲ್ಲ. ನಿಂಗೆ ಹೇಳ್ಲಿಕ್ಕೆ ಹೆದರಿಕೆಯಾಯ್ತು."

ರತ್ನಾವತಿಯ ಮುಖ ಅವರು ಹೆದರಿದಂತೆಯೇ ಬಾಡಿತು. ಸಭೆ ಗುಜುಗುಜು ಎಂದಿತು. ಮಧ್ವರಾಜರು, "ಹಾಲಿನ ಬುಕಿಂಗ್ ಹೇಗೆ ಸಿಕ್ಕಿದ್ದು ಅಂತ ಗೊತ್ತುಂಟಾ ನಿಮಗೆ?" ಎಂದು ಒಂದೇ ಸವನೆ ಹೇಳತೊಡಗಿದರು. ಶೆಟ್ಟರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಪುಸ್ತಕ ಇಲ್ಲ, ಸರಿ. ಹಾಗಾದ್ರೆ ಆ ಸೇತುವೆ ಯಾರದ್ದು?"

ಉಪಾಧ್ಯರು ಕುರ್ಚಿಯಲ್ಲಿ ಮುದುಡಿದರು. "ಕ್ಷಮಿಸಬೇಕು ಶೆಟ್ರೆ. ನಿಂತ ನಿಲುವಿನಲ್ಲಿ ಹೊಳೆದದ್ದು. ನನ್ನದೇ."

ಶೆಟ್ಟರು ಎದ್ದು ಬಂದು, ರಮಾಕಾಂತರ ಹೆಗಲಿಂದ ಶಾಲನ್ನು ಯಾವ ಕೋಪವೂ ಇಲ್ಲದೆ, ಒಣಗಿದ ಬಟ್ಟೆ ತೆಗೆಯುವಷ್ಟು ಸಲೀಸಾಗಿ ತೆಗೆದರು. ಅದನ್ನು ಉಪಾಧ್ಯರಿಗೆ ಹೊದಿಸಿದರು. "ಎರಡನೇ ಭಾಗ ನೀವೇ ಬರೀರಿ. ಹಾಲ್ ನಾನು ಬುಕ್ ಮಾಡ್ತೇನೆ," ಎಂದರು. ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು.

ಊಟದ ಹೊತ್ತಿಗೆ ಉಪಾಧ್ಯರನ್ನು ಜನ ಸುತ್ತಿಕೊಂಡಿದ್ದರು. ರಮಾಕಾಂತರು ಒಂದು ಮೂಲೆಯಲ್ಲಿ ತಟ್ಟೆ ಹಿಡಿದು ನಿಂತರು. ಯಾರೂ ಹತ್ತಿರ ಬಂದು ಏನೂ ಕೇಳಲಿಲ್ಲ. ಮೂರು ವರ್ಷದಿಂದ ಅವರು ದೇವರಲ್ಲಿ ಬೇಡಿದ್ದು ಇದನ್ನೇ. ಸಿಕ್ಕಾಗ ಬೇಡವೆನಿಸಿತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಸಂಗತಿ ಅವರನ್ನು ಕೊರೆಯುತ್ತಿತ್ತು. ತಟ್ಟೆಯನ್ನು ಅಲ್ಲೇ ಇಟ್ಟು, ಗುಂಪಿನೊಳಗೆ ನುಗ್ಗಿ ಉಪಾಧ್ಯರ ತೋಳು ಹಿಡಿದರು.

"ಉಪಾಧ್ಯರೆ, ಒಂದೇ ಮಾತು. ಸೇತುವೆಯಿಂದ ಅವಳು ಯಾವ ಕಡೆ ಇಳಿದ್ಲು?"

ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಉಪಾಧ್ಯರು ಮುಗುಳ್ನಕ್ಕರು. "ಅದನ್ನೆಲ್ಲ ಈಗ ಹೇಳ್ಲಿಕ್ಕೆ ಆಗ್ತದಾ? ಸ್ವಲ್ಪ ಕಾಯ್ಬೇಕು."

ರಮಾಕಾಂತರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ ಅವರ ಅಂಗಿ ಹಿಡಿದೆಳೆದರು. ತಿರುಗಿ ನೋಡಿದರೆ ರತ್ನಾವತಿ.

"ನಿಮ್ಮ ವಿಚಾರ ಮನೆಗೆ ಹೋದ ಮೇಲೆ," ಎಂದಳು ಆಕೆ. "ಈಗ ನನ್ನ ಹಿಂದೆ ನಿಲ್ಲಿ. ಅದನ್ನೇ ಕೇಳ್ಲಿಕ್ಕೆ ನಾನು ಆಗಿಂದ ಕಾಯ್ತಾ ಇದ್ದೇನೆ."