ಬಂದೂಕಿಗೆ ವಸಡು ಕಟ್ಟಿದವನ ಅಹವಾಲು

ಬಂದೂಕಿನ ಕಬ್ಬಿಣ ಕೂರುವ ಮರದ ಸ್ಟಾಕುಗಳನ್ನು ಕೆತ್ತಿ, ಪೆಟ್ಟಿಗೆಯಲ್ಲಿಟ್ಟು, ಊರೂರಿಗೆ ಕಳಿಸಿಕೊಡುವ ಸಂಸ್ಥೆಯ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಕಾರ್ಖಾನೆಯ ಗರಗಸಗಳೂ, ಆ ಗರಗಸಗಳ ಮುಂದೆ ಕಣ್ಣು ಮುಚ್ಚಿಕೊಂಡು ನಿಲ್ಲುವ ಕುಶಲಕರ್ಮಿಗಳೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ. ಅಂದರೆ, ನಾನೂ ನನ್ನ ಹೆಂಡತಿಯೂ ಇನ್ನೂ ಒಂದೇ ಮನೆಯಲ್ಲಿದ್ದೇವೆ. ಈ ಶುಭವಾರ್ತೆಯಲ್ಲಿ ತಮ್ಮ ಸಂಸ್ಥೆಯ ಪಾತ್ರ ಏನೇನೂ ಇಲ್ಲವೆಂಬುದನ್ನು ವಿನಯದಿಂದ ವಿವರಿಸಲೆಂದೇ ಈ ಪತ್ರ. ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ಉತ್ತರ ಬಾರದ್ದರಿಂದ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಆ ಎಲ್ಲರಲ್ಲಿ ತಾವೂ ಒಬ್ಬರಾಗಿರಬಹುದೆಂಬ ಆಸೆ.

ನಾನು ಕಟ್ಟುಹಲ್ಲು ಮಾಡುವವನು. ಇಪ್ಪತ್ತೊಂಬತ್ತು ವರ್ಷಗಳಿಂದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಒಂದು ಮೆಟ್ಟಿಲ ಕೆಳಗಿನ ಎರಡು ಕೋಣೆಗಳಲ್ಲಿ ಕೂತು, ಊರಿನ ಅರ್ಧ ಬಾಯಿಗಳು ಅಗಿಯುವಂತೆ ನೋಡಿಕೊಂಡಿದ್ದೇನೆ. ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಸೂಜಿ ಒಳಗೆ ಹೋದದ್ದಾಗಲಿ ಹೊರಗೆ ಬಂದದ್ದಾಗಲಿ ರೋಗಿಗೆ ತಿಳಿಯುವುದಿಲ್ಲ, ಅಂಥ ಕೈ. ಅದೇ ಕೈ ಭಾನುವಾರಗಳಲ್ಲಿ ರೈಫಲ್ ಕ್ಲಬ್ಬಿನಲ್ಲಿ 'ಪಾಯಿಂಟ್ ಟೂಟೂ' ಎಂಬ ಪುಟ್ಟ ಬಂದೂಕು ಹಿಡಿದು, ಐವತ್ತು ಮೀಟರಿನಾಚೆಯ ಕಾಗದದ ನಟ್ಟನಡುವೆ ತೂತು ಕೊರೆಯುತ್ತದೆ. ವರ್ಷಕ್ಕೊಮ್ಮೆ ಅಲ್ಲಿ 'ಸೈನ್ಯದ ಮಾದರಿ' ಎಂಬ ಪಂದ್ಯ ನಡೆಯುತ್ತದೆ. ಬಂದೂಕು ಎಷ್ಟೇ ಪುಟ್ಟದಿರಲಿ, ಅದರ ಕಬ್ಬಿಣ ಮಲಗುವ ಮರ ಮಾತ್ರ ಹಳೆಯ ಸಿಪಾಯಿ ಬಂದೂಕಿನಂತೆ ನಳಿಗೆಯ ತುದಿಯವರೆಗೂ ಚಾಚಿರಬೇಕೆಂಬುದು ಅಲ್ಲಿನ ಕಟ್ಟುನಿಟ್ಟು. ಆರು ವರ್ಷಗಳಿಂದ ಆ ಪಂದ್ಯವನ್ನು ಗೆಲ್ಲುತ್ತಿರುವವರು ನನ್ನ ಹೆಂಡತಿಯ ಸ್ವಂತ ಅಕ್ಕ, ಅಂದರೆ ನನ್ನ ಅತ್ತಿಗೆ. ಆರೂ ವರ್ಷ ಎರಡನೆಯ ಸ್ಥಾನದಲ್ಲಿ ಯಾರಿದ್ದರೆಂದು ತಾವು ಊಹಿಸಬಲ್ಲಿರಿ. ಪ್ರತಿ ಸಲ ಪಂದ್ಯ ಮುಗಿದ ಮೇಲೆ ಅತ್ತಿಗೆಯವರು ಐವತ್ತೊಂದು ವರ್ಷದ ತಂಗಿಯ ಕೆನ್ನೆ ತಟ್ಟಿ, "ಪರವಾಗಿಲ್ಲ ಪುಟ್ಟಿ, ಚೆನ್ನಾಗೇ ಹೊಡ್ದೆ" ಎನ್ನುತ್ತಾರೆ.

ಈ ಸಲ ಪಂದ್ಯಕ್ಕೆ ಮೂರು ವಾರವಿದ್ದಾಗ ನಾನು ಬಂದೂಕಿನ ಚೀಲವನ್ನು ಕಾರಿನ ಹಿಂದೆ ನೆಲಕ್ಕಿಟ್ಟು, ಬೂಟಿನ ದಾರ ಕಟ್ಟಿಕೊಂಡು, ಒಳಗೆ ಕೂತು, ಕಾರನ್ನು ಹಿಂದಕ್ಕೆ ತೆಗೆದೆ. ಕಬ್ಬಿಣಕ್ಕೆ ಒಂದು ಗೀರೂ ಬೀಳಲಿಲ್ಲ. ಮರ ಮಾತ್ರ ಕುತ್ತಿಗೆಯ ಹತ್ತಿರ ಎರಡು ಹೋಳಾಯಿತು. ನನ್ನ ಹೆಂಡತಿ ಮರವನ್ನು ನೋಡಿದಳು, ಕಾರನ್ನು ನೋಡಿದಳು, ನನ್ನನ್ನು ಮಾತ್ರ ನೋಡಲಿಲ್ಲ. "ಇನ್ನು ಮೂರು ವಾರ ಇದೆ" ಎಂದಳು. ಅವತ್ತಿನಿಂದ ಮನೆಯಲ್ಲಿ ನಾನೊಬ್ಬನೇ ಮಾತಾಡುತ್ತಿದ್ದೆ.

ಇಂಥ ಗಳಿಗೆಯಲ್ಲಿ, ಮಾನ್ಯರೇ, ತಮ್ಮ ಜಾಹೀರಾತು ನನ್ನ ಕಣ್ಣಿಗೆ ಬಿದ್ದಿತು. 'ಯಾವ ಮಾರ್ಪಾಡೂ ಬೇಕಿಲ್ಲ. ಒಂದು ಸ್ಕ್ರೂಡ್ರೈವರ್, ಹತ್ತು ನಿಮಿಷ.' ಎಂಟನೆಯ ದಿನ ಪೆಟ್ಟಿಗೆ ಬಂತು. ಮರವನ್ನು ನಾನು ಹೊಗಳದಿದ್ದರೆ ನನ್ನ ನಾಲಗೆ ಬಿದ್ದೀತು: ಎಂಥ ಬಣ್ಣ, ಎಂಥ ನುಣುಪು, ತುದಿಯಲ್ಲಿ ಇರಿಯುವ ಬಯೋನೆಟ್ ಕತ್ತಿ ಸಿಕ್ಕಿಸಲು ಎಷ್ಟು ಮುತುವರ್ಜಿಯಿಂದ ಬಿಟ್ಟ ಜಾಗ! ಕಾಗದದ ಗುರಿ ಎದ್ದು ಮೈಮೇಲೆ ಬಂದರೆ ನನ್ನ ಹೆಂಡತಿ ಏನು ಮಾಡಬೇಕೆಂಬುದನ್ನೂ ತಾವು ಯೋಚಿಸಿದ್ದೀರಿ. ಬಂದೂಕು ಅದರೊಳಗೆ ಕೂರಬೇಕೆಂಬ ಸಣ್ಣ ಸಂಗತಿಯನ್ನು ಬಿಟ್ಟು ಬೇರೆಲ್ಲವನ್ನೂ ಯೋಚಿಸಿದ್ದೀರಿ.

ನಳಿಗೆಗೆಂದು ತೋಡಿದ ಕಾಲುವೆ ಮುಂದೆ ಬಿಗಿ, ಹಿಂದೆ ಸಡಿಲ. ಸ್ಕ್ರೂಗಳ ತೂತು ಮರದಲ್ಲಿ ಒಂದು ಕಡೆ, ಕಬ್ಬಿಣದಲ್ಲಿ ಇನ್ನೊಂದು ಕಡೆ. ಗುಂಡು ತುಂಬಿದ ಮೇಲೆ ಮಡಚಿ ಕೂರಿಸಬೇಕಾದ ಬೋಲ್ಟಿನ ಹಿಡಿಕೆಗೆ ಜಾಗವೇ ಸಾಲದು. ಅದು ಮರಕ್ಕೆ ತಾಕಿ ಅರ್ಧದಲ್ಲೇ ನಿಲ್ಲುತ್ತದೆ, ಆದ್ದರಿಂದ ಗುಂಡು ಹಾರುವುದೇ ಇಲ್ಲ. ಇಷ್ಟೊಂದು ನಿರಪಾಯಕಾರಿಯಾದ ಆಯುಧವನ್ನು ಲೋಕಕ್ಕೆ ಕೊಟ್ಟಿದ್ದಕ್ಕಾಗಿ ತಮಗೆ ಶಾಂತಿಯ ಹೆಸರಿನಲ್ಲಿ ಏನಾದರೂ ಪದಕ ಬರಬೇಕು. ಬರದಿದ್ದರೆ ಶಿಫಾರಸು ಬರೆಯಲು ನಾನು ಸಿದ್ಧ.

ತಮ್ಮ ಕಚೇರಿಗೆ ಫೋನು ಮಾಡಿ, "ಸ್ಟಾಕ್ ಸರಿಯಿಲ್ಲಮ್ಮಾ" ಎಂದೆ. ಫೋನೆತ್ತಿದ ಹೆಣ್ಣುಮಗಳು ಬಲು ಮರ್ಯಾದೆಯಿಂದ, "ಸ್ಟಾಕ್ ಇದೆ ಸಾರ್, ಎಷ್ಟು ಬೇಕು?" ಎಂದಳು. "ಇದೆ, ಆದರೆ ಕೂರ್ತಿಲ್ಲ" ಎಂದೆ. "ಕೂರಿಸೋದು ನೀವು ಸಾರ್, ನಾವು ಕಳಿಸೋದಷ್ಟೇ" ಎಂದು ಆಕೆ ಫೋನಿಟ್ಟಳು. ನನ್ನ ಷಡ್ಡಕರ ಬಳಿ ದುಃಖ ತೋಡಿಕೊಂಡೆ. ಅವರು ಅತ್ತಿಗೆಯವರ ಗಂಡ, ಪೀಠೋಪಕರಣದ ಅಂಗಡಿಯವರು, ಮರದ ವಿಷಯ ಬಲ್ಲವರು. "ನನ್ನ ಹೆಂಡ್ತಿ ಬಂದೂಕನ್ನ ನಾನು ಮುಟ್ಟೋದೇ ಇಲ್ಲ. ಇಪ್ಪತ್ತೇಳು ವರ್ಷದಿಂದ ನಮ್ಮ ಸಂಸಾರ ನಡೀತಿರೋದೇ ಹಾಗೆ" ಎಂದು ಅವರು ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಬೇರೆ ದಾರಿ ಕಾಣದೆ, ನನಗೆ ಗೊತ್ತಿರುವ ಒಂದೇ ವಿದ್ಯೆಗೆ ಕೈಹಾಕಿದೆ. ಹೊಸ ಹಲ್ಲಿನ ಸೆಟ್ಟು ಬಾಯಲ್ಲಿ ಎಲ್ಲಿ ಒತ್ತುತ್ತದೆಂದು ತಿಳಿಯಲು ನಾವು ಒಂದು ನೀಲಿ ಕಾಗದವನ್ನು ನಡುವೆ ಇಟ್ಟು "ಕಚ್ಚಿ" ಎನ್ನುತ್ತೇವೆ. ನೀಲಿ ಹತ್ತಿದ ಕಡೆ ಉಜ್ಜುತ್ತೇವೆ. ಬೋಲ್ಟು ತೆಗೆದ ಬಂದೂಕನ್ನು ಬೆಂಚಿನ ಮೇಲಿಟ್ಟು, ಮರಕ್ಕೂ ಕಬ್ಬಿಣಕ್ಕೂ ನಡುವೆ ನೀಲಿ ಕಾಗದ ಹಾಸಿ, ಅಭ್ಯಾಸಬಲದಿಂದ ಅದಕ್ಕೂ "ಕಚ್ಚಿ" ಎಂದೇ ಹೇಳಿದೆ. ಕಚ್ಚಿಸಿದ್ದು ನೂರಾ ಹನ್ನೊಂದು ಸಲ, ಉಜ್ಜಿದ್ದು ನೂರಾ ಹನ್ನೊಂದು ಸಲ. ಕೆಳಸಾಲಿನ ಹಲ್ಲಿಗಾಗಿ ಕಾಯುತ್ತ ಕೂತಿದ್ದ ನಿವೃತ್ತ ನ್ಯಾಯಾಧೀಶರು ಕತ್ತು ಚಾಚಿ ನೋಡಿ, "ಅದು ಯಾರ ಬಾಯಿಗಪ್ಪಾ?" ಎಂದರು. "ನನ್ನ ಹೆಂಡತೀದು ಸಾರ್" ಎಂದೆ. ಅವರು ಬೆಂಚಿನ ಮೇಲಿದ್ದುದನ್ನು ತುದಿಯಿಂದ ತುದಿಗೆ ಇನ್ನೊಮ್ಮೆ ನೋಡಿ, "ನಂದು ಅಷ್ಟುದ್ದ ಬೇಡ" ಎಂದರು.

ಸ್ಕ್ರೂಗಳಿಗೆ ಹೊಸ ತೂತು ಕೊರೆದೆ, ಬೋಲ್ಟಿನ ಹಿಡಿಕೆಗೆ ಜಾಗ ತೋಡಿದೆ. ಉಜ್ಜಿ ಉಜ್ಜಿ ಬಿಗಿಯೆಲ್ಲ ಹೋಯಿತು. ಅದರ ಜೊತೆಗೆ ಇರಬೇಕಾದದ್ದೂ ಹೋಯಿತು. ಈಗ ಬಂದೂಕು ಮರದೊಳಗೆ ತೊಟ್ಟಿಲಲ್ಲಿಟ್ಟ ಹಾಗೆ ಅಲ್ಲಾಡತೊಡಗಿತು. ಆ ಸಂದನ್ನು ತುಂಬಲು ಗಟ್ಟಿಯಾಗಿ ಕೂರುವ, ಒಣಗಿದರೆ ಕುಗ್ಗದ ಪದಾರ್ಥ ಬೇಕಿತ್ತು. ಅಂಥದ್ದು ನನ್ನಲ್ಲಿ ಡಬ್ಬಿಗಟ್ಟಲೆ ಇದೆ, ಆದರೆ ಅದು ಇರುವುದು ಒಂದೇ ಬಣ್ಣದಲ್ಲಿ. ಮಾನ್ಯರೇ, ನಾನು ಕಬ್ಬಿಣಕ್ಕೆ ವ್ಯಾಸಲಿನ್ ಸವರಿ, ಮರದ ಕಾಲುವೆಯ ತುಂಬ ಕಟ್ಟುಹಲ್ಲಿಗೆ ವಸಡು ಎರೆಯುವ ಗುಲಾಬಿ ಅಕ್ರಿಲಿಕ್ ಸುರಿದು, ಬಂದೂಕನ್ನು ಒತ್ತಿ ಕೂರಿಸಿ, ಅದು ಗಟ್ಟಿಯಾಗುವವರೆಗೆ ಕುರ್ಚಿಯ ಮೇಲೆ ಉಸಿರು ಬಿಗಿಹಿಡಿದು ಕೂತೆ. ವ್ಯಾಸಲಿನ್ ಎಲ್ಲಾದರೂ ತಪ್ಪಿದ್ದರೆ ಬಂದೂಕು ಮರಕ್ಕೆ ಶಾಶ್ವತವಾಗಿ ಅಂಟಿಕೊಳ್ಳುತ್ತಿತ್ತು, ನಾನು ಷಡ್ಡಕರ ಅಂಗಡಿಯ ಸೋಫಾಗಳ ಮೇಲೆ ಮಲಗುತ್ತಿದ್ದೆ. ಅದು ತಪ್ಪಿರಲಿಲ್ಲ. ಬಂದೂಕು ಎದ್ದುಬಂತು, ಮತ್ತೆ ಇಟ್ಟರೆ ಚಪ್ಪೆಂದು ಕೂತಿತು. ನಳಿಗೆಯ ಎರಡೂ ಬದಿಗೆ ತೆಳ್ಳಗೆ ಗುಲಾಬಿ ಗೆರೆ. ಸೈನ್ಯದ ಬಂದೂಕು ಮುಗುಳ್ನಗುವಂತೆ ಕಾಣುತ್ತಿತ್ತು. ಹೆಂಡತಿ ಅದನ್ನು ಹೆಗಲಿಗಿಟ್ಟು, ಇಳಿಸಿ, ಬೆರಳಿನಿಂದ ಆ ಗೆರೆಯನ್ನು ಒಮ್ಮೆ ಸವರಿ, ಚೀಲಕ್ಕೆ ಹಾಕಿಕೊಂಡಳು.

ಪಂದ್ಯದ ದಿನ ಬಂದೂಕುಗಳನ್ನು ಪರೀಕ್ಷಿಸುವ ತೀರ್ಪುಗಾರರು ಕನ್ನಡಕ ಏರಿಸಿ, ಬಗ್ಗಿ ನೋಡಿ, "ಇದೇನಮ್ಮಾ, ವಸಡಾ?" ಎಂದರು. "ಹೌದು ಸಾರ್, ಹಲ್ಲು ಇನ್ನೂ ಬಂದಿಲ್ಲ" ಎಂದಳು ನನ್ನ ಹೆಂಡತಿ. ಅವರು ನಿಯಮಗಳ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದರು. ಮರದ ಉದ್ದ, ಪಟ್ಟಿಯ ಅಗಲ, ಟ್ರಿಗರಿನ ಬಿಗಿ ಎಲ್ಲಕ್ಕೂ ನಿಯಮವಿತ್ತು, ವಸಡಿಗೆ ಇರಲಿಲ್ಲ. ಮುದ್ರೆ ಒತ್ತಿ ಕಳಿಸಿದರು.

ನಾನು ಬೇಲಿಯಾಚೆ ಉಗುರು ಕಚ್ಚುತ್ತ ನಿಂತಿದ್ದೆ. ಕೊನೆಯ ಸುತ್ತಿನ ಹೊತ್ತಿಗೆ ಅಕ್ಕತಂಗಿಯರು ಸಮಸಮ. ಅತ್ತಿಗೆಯವರ ಕೊನೆಯ ಗುಂಡು ಕೂದಲೆಳೆಯಷ್ಟು ಎಡಕ್ಕೆ ಸರಿಯಿತು. ನನ್ನವಳದು ಸರಿಯಲಿಲ್ಲ. ಅಂಕ ಕೂಗಿದಾಗ ಅವಳು ಕುಣಿಯಲಿಲ್ಲ, ನಗಲಿಲ್ಲ. ಬಂದೂಕನ್ನು ನೆಲಕ್ಕಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತುಬಿಟ್ಟಳು. ಅತ್ತಿಗೆಯವರು ಬಂದು ತಂಗಿಯನ್ನು ಬಿಗಿಯಾಗಿ ಅಪ್ಪಿಕೊಂಡರು. ಆಮೇಲೆ ನನ್ನತ್ತ ತಿರುಗಿ, "ನಂದಕ್ಕೂ ಇಂಥದ್ದೊಂದು ವಸಡು ಹಾಕ್ಕೊಡ್ತೀರಾ?" ಎಂದರು.

ಮನೆಗೆ ಬರುವಾಗ ಕಾರಿನಲ್ಲಿ ನನ್ನ ಹೆಂಡತಿ, ಮೂರು ವಾರಗಳ ನಂತರ ಮೊದಲ ಬಾರಿಗೆ, ತಾನಾಗಿಯೇ ನನ್ನೊಡನೆ ಮಾತು ತೆಗೆದಳು. "ಅಕ್ಕಂಗೂ ಮಾಡ್ಕೊಡಿ ರೀ," ಎಂದಳು. "ಆದ್ರೆ ಸ್ವಲ್ಪ ಲೂಸಾಗಿರ್ಲಿ."

ಈಗ ನನ್ನ ಸಂಕಟ ಅರ್ಥವಾಯಿತೆ? ಮನೆಯಾಕೆಯ ಮಾತು ಮೀರಲಾರೆ. ಆದರೆ ಸಡಿಲವಾಗಿ ಕೂರಿಸುವುದು ಈ ಕೈಗೆ ಬಾರದು. ಎಷ್ಟು ಪ್ರಯತ್ನಿಸಿದರೂ ಬೆರಳು ತಾನಾಗಿಯೇ ಸರಿಮಾಡಿಬಿಡುತ್ತದೆ. ಅದರಲ್ಲಿ ನುರಿತವರು ತಾವು. ಆದ್ದರಿಂದ ದಯವಿಟ್ಟು ಅತ್ತಿಗೆಯವರಿಗಾಗಿ ಇನ್ನೊಂದು ಸ್ಟಾಕನ್ನು ಕೂಡಲೇ ಕಳಿಸಿಕೊಡಬೇಕು. ಕೆತ್ತುವಾಗ ವಿಶೇಷ ಅಜಾಗರೂಕತೆ ಏನೂ ಬೇಡ, ತಾವು ದಿನವೂ ಮಾಡುವಂತೆಯೇ ಮಾಡಿದರೆ ಸಾಕು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮೆಟ್ಟಿಲ ಕೆಳಗಿನ ಕಟ್ಟುಹಲ್ಲಿನವನು

ಮರೆತ ಮಾತು: ತಮ್ಮ ಬೆಲೆಪಟ್ಟಿಯ ಮೊದಲ ಪುಟದಲ್ಲಿ ತಾವು ನಗುತ್ತಿರುವ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದೆ. ಮೇಲಿನ ಸಾಲು ತಮ್ಮದಲ್ಲ, ಮತ್ತು ಅದನ್ನು ಕೂರಿಸಿದವನು ಬಹಳ ಆತುರದಲ್ಲಿದ್ದ. ಬಿಡುವಾದಾಗ ಬನ್ನಿ, ಸರಿಮಾಡಿಕೊಡುತ್ತೇನೆ. ತಾವೇ ಬರಬೇಕಾಗುತ್ತದೆ, ಬಾಯಿ ನೋಡದೆ ಹಲ್ಲು ಮಾಡುವ ಧೈರ್ಯ ನಮ್ಮ ಕಸುಬಿನಲ್ಲಿ ಇನ್ನೂ ಯಾರಿಗೂ ಬಂದಿಲ್ಲ.